ಯಂತ್ರವಿದ್ಯೆಗೆ ದಾರಿ ತೆರೆದ ವಿಶ್ವೇಶ್ವರಯ್ಯನವರು

ಹಂಪಿ ಬಜಾರಿನ ಸಾಲುಮಂಟಪವೊಂದರಲ್ಲಿ ನಮ್ಮ ತಂದೆಯವರ ಸೈಕಲ್ ರಿಪೇರಿ ಅಂಗಡಿಯಿತ್ತು. ಸುತ್ತಲಿನ ಬಾಳೆತೋಟಗಳಲ್ಲಿ ಡೀಸೆಲ್ ಎಂಜಿನ್ನು ಕೆಟ್ಟರೂ ರೈತರು ಅವರನ್ನೇ ಕರೆದೊಯ್ಯುತ್ತಿದ್ದರು. ಎಂಜಿನ್ನಿನ ಸದ್ದು ಆಲಿಸಿಯೇ ಅದರ ರೋಗವನ್ನು ಹೇಳಬಲ್ಲವರಾಗಿದ್ದರು. ಕಾರಣವೇನೆಂದು ಕೇಳಿದರೆ ಮಾತ್ರ ನಕ್ಕು ಸುಮ್ಮನಾಗುತ್ತಿದ್ದರು. 2011ರಲ್ಲಿ ಮಂಟಪಗಳನ್ನು ತೆರವು ಮಾಡಿಸಿದಾಗ ಅಂಗಡಿ ಹೋಯಿತು; ಕಸುಬು ಉಳಿಯಿತು. ನಾನು ಕಲಾ ವಿದ್ಯಾರ್ಥಿಯಾದೆ. ತಮ್ಮನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ವಿಭಾಗ ಸೇರಿದ.

ಕಳೆದ ವರ್ಷ ಅವನು ಓದು ಬಿಡುವೆನೆಂದು ಊರಿಗೆ ಬಂದು ಕುಳಿತ. ಗಣಿತ ತಲೆಗೆ ಹತ್ತುವುದಿಲ್ಲ, ಅಪ್ಪ ಯಾವ ಶಾಲೆಯಲ್ಲಿ ಕಲಿತು ಎಂಜಿನ್ ಬಿಚ್ಚಿದರು ಎಂಬುದು ಅವನ ವಾದ. ಉತ್ತರ ಕೊಡಲಾರದೆ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಓದತೊಡಗಿದೆ. ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ ಎಂಜಿನಿಯರಿಂಗ್ ಓದಬೇಕೆಂದರೆ ಮೈಸೂರು ಸಂಸ್ಥಾನದಲ್ಲಿ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನದ ಬಲದಿಂದ ಪುಣೆಗೆ ಹೋದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಆ ವೇತನ ದೊರೆಯದಿದ್ದರೆ ಅವರ ಬಾಳು ಯಾವ ದಾರಿ ಹಿಡಿಯುತ್ತಿತ್ತೋ!

ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ಅವರು ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವನ್ನು ಜೋಡಿಸಲಾಯಿತು. ನೀರು ಗೊತ್ತಾದ ಮಟ್ಟ ಮೀರಿದರೆ ತಾವಾಗಿ ತೆರೆಯುವ, ಇಳಿದರೆ ತಾವಾಗಿ ಮುಚ್ಚುವ ಬಾಗಿಲುಗಳವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಇದು ಬರಿಯ ಕೈಚಳಕದ ಫಲವಲ್ಲ. ನೀರಿನ ಒತ್ತಡವೆಷ್ಟು, ಎದುರಿಗೆ ತೂಗಬೇಕಾದ ಭಾರವೆಷ್ಟು ಎಂದು ಕಾಗದದ ಮೇಲೆ ಲೆಕ್ಕ ಹಾಕಿದವನಿಗೆ ಮಾತ್ರ ಸಾಧ್ಯವಾಗುವ ಕೆಲಸ.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿ ಕಟ್ಟೆಯ ಕಥೆಯನ್ನು ಎಲ್ಲರೂ ಬಲ್ಲರು. ನನ್ನ ಮನಸ್ಸನ್ನು ಸೆಳೆದುದು ಅವರು ಕಟ್ಟಿದ ವಿದ್ಯಾಸಂಸ್ಥೆಗಳು. 1913ರಲ್ಲಿ ಹೆಬ್ಬಾಳದ ಕೃಷಿಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಅಲ್ಲಿ ಮೊದಲಿಗೇ ಸಿವಿಲ್‌ನೊಡನೆ ಮೆಕ್ಯಾನಿಕಲ್ ಶಿಕ್ಷಣವೂ ಆರಂಭವಾಯಿತು. ತಾವು ಹುಡುಗರಾಗಿದ್ದಾಗ ಪರಪ್ರಾಂತಕ್ಕೆ ಹೋಗಿ ಪಡೆದ ವಿದ್ಯೆ ನಾಡಿನ ಹುಡುಗರಿಗೆ ನಾಡಿನಲ್ಲೇ ದೊರೆಯುವಂತಾಯಿತು. ನಮ್ಮ ಹೊಸಪೇಟೆ ಸೀಮೆ ಆಗ ಮದರಾಸು ಪ್ರಾಂತದಲ್ಲಿತ್ತು. 1953ರಲ್ಲಿ ಮೈಸೂರನ್ನು ಸೇರಿತು.

ಎಂಜಿನಿಯರನೊಬ್ಬನಿಂದಲೇ ಕಾರ್ಖಾನೆ ನಡೆಯದು. ಲೇತ್ ಹಿಡಿಯುವವನು, ಅಚ್ಚು ಮಾಡುವವನು, ಬೆಸುಗೆ ಹಾಕುವವನು ಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದ ದಿನಗಳಲ್ಲಿ ನಡೆಸಿದ ವಿಶ್ವೇಶ್ವರಯ್ಯನವರಿಗೆ ಇದು ಚೆನ್ನಾಗಿ ತಿಳಿದಿತ್ತು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಕೊಡಿಸಿದರು. ಅದಕ್ಕೆ ತಮ್ಮ ಹೆಸರನ್ನು ಇಡಗೊಡಲಿಲ್ಲ. ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. 1955ರಲ್ಲಿ ಭಾರತರತ್ನರಾದ ಆ ಮಹನೀಯರು 1962ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಕಾಲವಶರಾದರು.

ಇಷ್ಟನ್ನೂ ಒಂದು ಸಂಜೆ ವಿರೂಪಾಕ್ಷನ ಗೋಪುರದೆದುರು ಕುಳಿತು ತಮ್ಮನಿಗೆ ಹೇಳಿದೆ. ಮನೆಪಾಠ ಹೇಳಿ ಓದಿದ ಹುಡುಗನ ಸಂಗತಿ ಅವನಿಗೆ ನಾಟಿತೆಂದು ತೋರುತ್ತದೆ. ಮಾರನೆಯ ವಾರ ಕಾಲೇಜಿಗೆ ಹಿಂತಿರುಗಿದ. ದಸರೆಯ ರಜೆಯಲ್ಲಿ ತಂದೆ ಎಂಜಿನ್ನೊಂದನ್ನು ಬಿಚ್ಚಿದಾಗ ಅವನು ಪಕ್ಕದಲ್ಲಿ ಕುಳಿತು, ವಾಲ್ವಿನ ಸಂದು ಹೆಚ್ಚಾದರೆ ಏಕೆ ಕಟಕಟ ಸದ್ದಾಗುವುದೆಂದು ಚಿತ್ರ ಬರೆದು ವಿವರಿಸಿದ. ನಲವತ್ತು ವರ್ಷ ಕೇಳಿದ ಸದ್ದಿನ ಕಾರಣ ತಂದೆಯವರಿಗೆ ಅಂದು ತಿಳಿಯಿತು. ಆ ಸಂದನ್ನು ಬೆರಳಂದಾಜಿನಲ್ಲಿ ಸರಿಪಡಿಸುವುದನ್ನು ಅವರು ಮಗನಿಗೆ ಕಲಿಸಿದರು.

ಸೆಪ್ಟೆಂಬರ್ 15ರಂದು ಭಾವಚಿತ್ರಕ್ಕೆ ಹಾರ ಹಾಕಿದರೆ ನಮ್ಮ ಋಣ ತೀರದು. ಓದಿದವರು ಕೈ ಮಸಿ ಮಾಡಿಕೊಳ್ಳಲು ನಾಚದೆ, ಕೈ ಮಸಿಯಾದವರ ಮಕ್ಕಳು ಪುಸ್ತಕಕ್ಕೆ ಅಂಜದೆ ಮುಂದುವರಿದರೆ, ಅದೇ ಆ ಹಿರಿಯರಿಗೆ ಸಲ್ಲಿಸುವ ನಿಜವಾದ ಗೌರವ.