ಬಿಯರ್ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ ಪಿಎಚ್ ಯಾರೊಬ್ಬರ ಸ್ವತ್ತೂ ಆಗಲಿಲ್ಲ

ಕುಡಿಯುವ ನೀರಿನ ಪರೀಕ್ಷೆ, ರೈತರ ಮಣ್ಣು ಆರೋಗ್ಯ ಚೀಟಿ, ಕಾರ್ಖಾನೆ ತ್ಯಾಜ್ಯದ ತಪಾಸಣೆ, ಎಲ್ಲದರಲ್ಲೂ ಒಂದು ಸಂಖ್ಯೆ ಇದ್ದೇ ಇರುತ್ತೆ: ಪಿಎಚ್. ಈ ಅಳತೆ ಕೊಟ್ಟ ಸೋರೆನ್ ಪೆಡರ್ ಲೌರಿಟ್ಸ್ ಸೋರೆನ್‌ಸನ್ ಅವರ ಕಥೆ ಪಠ್ಯಪುಸ್ತಕದ ಒಂದು ಸಾಲಿಗೇ ಮುಗಿದುಹೋಗುತ್ತೆ. ನನಗಂತೂ ಅದು ಬರೀ ವಿಜ್ಞಾನದ ಕಥೆಯಲ್ಲ, ಅರಿವು ಯಾರಿಗೆ ಸೇರಿದ್ದು ಅನ್ನೋ ಪ್ರಶ್ನೆಯ ಕಥೆ.

ಸೋರೆನ್‌ಸನ್ ಹುಟ್ಟಿದ್ದು 1868ರಲ್ಲಿ, ಡೆನ್ಮಾರ್ಕಿನ ಹಳ್ಳಿಯೊಂದರ ರೈತ ಕುಟುಂಬದಲ್ಲಿ. ವೈದ್ಯರಾಗಬೇಕು ಅಂತ ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಹೋದವರು ರಸಾಯನಶಾಸ್ತ್ರದತ್ತ ಹೊರಳಿದರು. 1899ರಲ್ಲಿ ಡಾಕ್ಟರೇಟ್ ಬಂತು. 1901ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಹೌದು, ಅದೇ ಬಿಯರ್ ಕಾರ್ಲ್ಸ್‌ಬರ್ಗ್. ಮಾಲೀಕ ಯಾಕೋಬ್ಸೆನ್ 1875ರಲ್ಲಿ ಈ ಪ್ರಯೋಗಾಲಯ ಕಟ್ಟಿದಾಗ ಇಟ್ಟ ನಿಯಮ ಗಮನಿಸಬೇಕು: ಇಲ್ಲಿ ಸಿಗುವ ಮಹತ್ವದ ಯಾವ ಫಲಿತಾಂಶವನ್ನೂ ಗುಟ್ಟಾಗಿ ಇಡುವಂತಿಲ್ಲ. 1883ರಲ್ಲಿ ಇಲ್ಲೇ ಎಮಿಲ್ ಹ್ಯಾನ್ಸನ್ ಶುದ್ಧ ಯೀಸ್ಟ್ ಬೆಳೆಸುವ ವಿಧಾನ ಕಂಡುಕೊಂಡಾಗ, ಅದು ಪೈಪೋಟಿಯ ಕಂಪನಿಗಳಿಗೂ ಸಿಕ್ಕಿತು.

ಸೋರೆನ್‌ಸನ್ ಅವರ ತಲೆನೋವು ಕಿಣ್ವಗಳದ್ದು. ದ್ರಾವಣ ಎಷ್ಟು ಆಮ್ಲೀಯ ಅನ್ನೋದರ ಮೇಲೆ ಕಿಣ್ವದ ಕೆಲಸ ಏರುಪೇರಾಗುತ್ತೆ. ಆದ್ರೆ ಆಮ್ಲೀಯತೆ ಅಂದ್ರೆ ಏನು? ಒಟ್ಟು ಎಷ್ಟು ಆಮ್ಲ ಸುರಿದಿದ್ದೀವಿ ಅನ್ನೋದಲ್ಲ. ಒಂದೇ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ವಿನೆಗರ್‌ನ ಅಸಿಟಿಕ್ ಆಮ್ಲ ತಗೊಳ್ಳಿ. ಮೊದಲನೆಯದು ಹೆಚ್ಚುಕಮ್ಮಿ ಪೂರ್ತಿ ಬಿಡಿಯಾಗಿ ಹೈಡ್ರೋಜನ್ ಅಯಾನುಗಳನ್ನು ಕೊಡುತ್ತೆ, ಎರಡನೆಯದು ಅದರಲ್ಲಿ ಸಣ್ಣ ಪಾಲನ್ನಷ್ಟೇ. ಕಿಣ್ವಕ್ಕೆ ಲೆಕ್ಕ ಈ ಬಿಡಿ ಅಯಾನುಗಳದ್ದೇ.

25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ ಇವು ಲೀಟರಿಗೆ 0.0000001 ಮೋಲ್. ಇಂಥ ಸೊನ್ನೆಗಳ ಸಾಲಿನ ಬದಲು ಲಾಗರಿದಮ್ ಬಳಸಿ 7 ಅಂತ ಬರೆಯೋಣ ಅಂದರು ಸೋರೆನ್‌ಸನ್. 7ಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ. ಒಂದು ಅಂಕ ಇಳಿದರೆ ಅಯಾನುಗಳು 10 ಪಟ್ಟು, ಎರಡು ಇಳಿದರೆ 100 ಪಟ್ಟು. 1909ರಲ್ಲಿ ಇದು ಪ್ರಕಟವಾಯ್ತು. ಜೊತೆಗೆ ಅಳೆಯುವ ವಿದ್ಯುದ್ವಾರ, ಬಣ್ಣ ಬದಲಿಸುವ ಸೂಚಕಗಳು, ಪಿಎಚ್ ಸ್ಥಿರವಾಗಿಡುವ ಬಫರ್ ದ್ರಾವಣಗಳ ವಿವರವೂ ಇತ್ತು. ಅಂದ್ರೆ ಯಾರು ಬೇಕಾದರೂ ಮಾಡಿ ನೋಡಬಹುದಿತ್ತು.

ಪತ್ನಿ ಮಾರ್ಗರೆಟೆ ಅವರ ಸಂಶೋಧನೆಗೆ ಜೊತೆಯಾಗಿದ್ದರು. 1938ರವರೆಗೆ ಅದೇ ಪ್ರಯೋಗಾಲಯದಲ್ಲಿ ದುಡಿದ ಸೋರೆನ್‌ಸನ್, 1939ರಲ್ಲಿ ತೀರಿಕೊಂಡರು.

ಇದನ್ನು ಬಂಡವಾಳಿಗನ ಔದಾರ್ಯ ಅಂತ ಹೊಗಳೋಕೆ ಹೇಳ್ತಿಲ್ಲ. ಒಳ್ಳೆಯ ವಿಜ್ಞಾನದಿಂದ ಕಂಪನಿಗೂ ಲಾಭವಿತ್ತು. ಕೆಲಸ ಮಾಡಿದ್ದು ಒಳ್ಳೆಯತನಕ್ಕಿಂತ ಹೆಚ್ಚಾಗಿ ಬರೆದಿಟ್ಟ ನಿಯಮ, ಅದೇ ನನ್ನ ವಾದ.

ನಮ್ಮಲ್ಲಿಗೆ ಬನ್ನಿ. ತ್ಯಾಜ್ಯ ನೀರು ಹೊರಬಿಡೋಕೆ ಸಾಮಾನ್ಯ ಮಾನದಂಡದ ಪಿಎಚ್ ಮಿತಿ 5.5ರಿಂದ 9. ನೋಡೋಕೆ ಮೂರೂವರೆ ಅಂಕ, ಆದ್ರೆ ಒಂದು ತುದಿಯಿಂದ ಇನ್ನೊಂದಕ್ಕೆ ಅಯಾನುಗಳ ವ್ಯತ್ಯಾಸ 3,000 ಪಟ್ಟಿಗೂ ಹೆಚ್ಚು. ಪಿಎಚ್ 7 ಬಂದ ಮಾತ್ರಕ್ಕೆ ನೀರು ಶುದ್ಧ ಅಂತಲೂ ಅಲ್ಲ. ಸೀಸವೋ ಕ್ರೋಮಿಯಮ್ಮೋ ಇದ್ದರೆ ಈ ಸಂಖ್ಯೆ ಅದನ್ನು ಹೇಳೋದೇ ಇಲ್ಲ. ಹಾಗಾಗಿ ಯಾರಾದರೂ ಎಲ್ಲ ಮಿತಿಯೊಳಗಿದೆ ಅಂದಾಗ ಕೇಳಬೇಕಾದ್ದು: ಯಾವ ಸಂಖ್ಯೆ, ಯಾವ ದಿನದ್ದು, ಎಲ್ಲಿಂದ ತೆಗೆದ ಮಾದರಿ, ಪೂರ್ತಿ ವರದಿ ಎಲ್ಲಿ?

ಖಾಸಗಿ ಕಂಪನಿಯ ಲ್ಯಾಬು ನೂರು ವರ್ಷಗಳ ಹಿಂದೆಯೇ ಪಾಲಿಸಿದ ನಿಯಮವನ್ನು, ನಮ್ಮ ತೆರಿಗೆ ಹಣದಲ್ಲಿ ನಡೆಯುವ ಪರೀಕ್ಷೆಗಳಿಗೆ ಕೇಳೋದು ಅತಿಯಾಸೆ ಏನಲ್ಲ.