ಕೈಗಳಲ್ಲಿ ಹೃದಯವಿಟ್ಟ ಸಂತ ಕಮಿಲ್ಲಸ್



ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ನಿಮ್ಮ ಮನೆಯಲ್ಲೇ ಇರಬಹುದು. ರೋಗಿಯ ಕಡೆಯವರ ಕೂಗಾಟ, ಮೇಲಿನವರ ಗದರಿಕೆ, ಕಣ್ಣೆದುರಿನ ಸಾವು, ಎಲ್ಲವನ್ನೂ ನುಂಗಿಕೊಂಡು ಬಂದ ಆಕೆ ಮನೆಯಲ್ಲಿ ಸಿಡುಕಿದರೆ ನಾವು ಬೇಸರಪಡುತ್ತೇವೆ. ದಾದಿಯರ ಪಾಲಕ ಸಂತರೇ ಒಂದು ಕಾಲಕ್ಕೆ ಮುಂಗೋಪಿಯಾಗಿದ್ದರೆಂಬುದು ನಿಮಗೆ ಗೊತ್ತೇ?

ಕಮಿಲ್ಲಸ್ ದೆ ಲೆಲ್ಲಿಸ್ 1550ರ ಮೇ 25ರಂದು ಇಟಲಿಯ ಬುಕ್ಕಿಯಾನಿಕೋ ಊರಿನಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ತಂದೆಯಂತೆ ಸೈನಿಕರಾದ ಅವರಿಗೆ ಜೂಜಿನ ಚಟ ಹತ್ತಿತು. ಕಾಲಿನ ಹುಣ್ಣಿನ ಚಿಕಿತ್ಸೆಗೆಂದು ರೋಮಿನ ಸಾನ್ ಜಾಕೊಮೊ ಆಸ್ಪತ್ರೆ ಸೇರಿ, ಅಲ್ಲೇ ಕೆಲಸಕ್ಕೂ ನಿಂತರು. ಆದರೆ ಜೊತೆಗಾರರೊಡನೆ ಸದಾ ಜಗಳ. ಕೊನೆಗೆ ಆಸ್ಪತ್ರೆಯವರು ಹೊರಹಾಕಿದರು.

ಜೂಜಿನಲ್ಲಿ ಇದ್ದದ್ದೆಲ್ಲ ಕಳೆದುಕೊಂಡು, ಕಪುಚಿನ್ ಮಠವೊಂದರ ಕಟ್ಟಡದಲ್ಲಿ ಕೂಲಿ ಮಾಡುತ್ತಿದ್ದಾಗ, 1575ರ ಫೆಬ್ರವರಿ 2ರಂದು ಅವರ ಮನಸ್ಸು ದೇವರತ್ತ ತಿರುಗಿತು. ಹುಣ್ಣು ಮರುಕಳಿಸಿದ್ದರಿಂದ ಮಠದಲ್ಲಿ ಉಳಿಯಲಾಗಲಿಲ್ಲ. ತಮ್ಮನ್ನು ಹೊರಹಾಕಿದ್ದ ಆಸ್ಪತ್ರೆಗೇ ಮರಳಿ, ಸೇವಕರಾಗಿ, ಮುಂದೆ ಮೇಲ್ವಿಚಾರಕರಾದರು.

ಸಂಬಳದ ಆಳುಗಳು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು ಅವರ ಮನ ನೊಂದಿತು. ಪ್ರೀತಿಯಿಂದ ದುಡಿಯುವವರನ್ನು ಒಟ್ಟುಗೂಡಿಸಿದರು. 1584ರಲ್ಲಿ ಗುರುದೀಕ್ಷೆ ಪಡೆದರು. 1586ರಲ್ಲಿ ಆ ಸಂಗಡಿಗರ ಸಂಘಕ್ಕೆ ಜಗದ್ಗುರು 5ನೇ ಸಿಕ್ಸ್ತುಸರ ಒಪ್ಪಿಗೆ ದೊರೆಯಿತು. ಕೆಂಪು ಶಿಲುಬೆ ಅದರ ಗುರುತಾಯಿತು. ಒಬ್ಬನೇ ಮಗ ಕಾಯಿಲೆ ಬಿದ್ದಾಗ ತಾಯಿ ಆರೈಕೆ ಮಾಡುವಂತೆ ರೋಗಿಯನ್ನು ನೋಡಿಕೊಳ್ಳಬೇಕು, ಕೈಗಳಲ್ಲಿ ಹೃದಯವಿರಬೇಕು ಎಂಬುದು ಅವರ ಬೋಧನೆ.

ಆದರೆ ಗಮನಿಸಿ: ಅವರ ಕಾಲಿನ ಹುಣ್ಣು ಕಡೆಯವರೆಗೂ ವಾಸಿಯಾಗಲಿಲ್ಲ. ನೋವಿದ್ದವರೇ ನೋವಿಗೆ ಮದ್ದಾದರು. ಒಂಟಿಯಾಗಿ ಅಲ್ಲ, ಸಂಗಡಿಗರೊಡನೆ. 1614ರ ಜುಲೈ 14ರಂದು ನಿಧನರಾದ ಅವರಿಗೆ 1746ರಲ್ಲಿ ಸಂತ ಪದವಿ ದೊರೆಯಿತು. 1930ರಲ್ಲಿ ಜಗದ್ಗುರು 11ನೇ ಪಿಯುಸ್ ಅವರನ್ನು ದಾದಿಯರ ಪಾಲಕರೆಂದು ಸಾರಿದರು.

2021ರ ಮೇ ತಿಂಗಳಲ್ಲಿ ನಮ್ಮ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ಒಂದೇ ದಿನದೊಳಗೆ 24 ರೋಗಿಗಳು ಅಸುನೀಗಿದ್ದನ್ನು ನಾವು ಮರೆತಿಲ್ಲ. ಸತ್ತವರಿಗಾಗಿ, ಅವರ ಮನೆಯವರಿಗಾಗಿ ಪ್ರಾರ್ಥಿಸಿದೆವು. ಅಂಥ ರಾತ್ರಿಗಳಲ್ಲಿ ಹಾಸಿಗೆಯ ಬಳಿ ನಿಂತಿರುವ ದಾದಿಯರ ಸಂಕಟವನ್ನು ಯಾರಾದರೂ ಕೇಳಿದೆವೇ?

ಸೋದರಿಯರೇ, ಪಾಳಿ ಬದಲಾಗುವಾಗ ಔಷಧಿಯ ಲೆಕ್ಕದೊಂದಿಗೆ ಮನಸ್ಸಿನ ಭಾರವನ್ನೂ ಜೊತೆಗಾತಿಗೆ ಹೇಳಿಕೊಳ್ಳಿ. ಅದು ದೌರ್ಬಲ್ಯವಲ್ಲ. ಮನೆಯವರೇ, ಆಕೆ ಬಂದಾಗ ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಬುದ್ಧಿವಾದ ಬೇಡ, ಕಿವಿಗೊಟ್ಟರೆ ಸಾಕು. ಆರೈಕೆ ಮಾಡುವವರಿಗೂ ಆರೈಕೆ ಬೇಕು.