ಭೂಮಿಯ ಒಡಲು ನೋಡಿದ ಇಂಗೆ ಲೇಮನ್

ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅಂತ ಸೆಮಿಸ್ಟರ್ ಮಧ್ಯೆ ನಮಗೆಲ್ಲ ಅನ್ನಿಸೋದುಂಟು. ಇಂಗೆ ಲೇಮನ್ ನಿಜಕ್ಕೂ ಹಾಗೆ ಹೋದವರು.

1888ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಇವರು ಓದಿದ್ದು ಹನ್ನಾ ಆಡ್ಲರ್ ನಡೆಸುತ್ತಿದ್ದ ಶಾಲೆಯಲ್ಲಿ (ಆಡ್ಲರ್ ಅಂದರೆ ವಿಜ್ಞಾನಿ ನೀಲ್ಸ್ ಬೋರ್ ಅವರ ದೊಡ್ಡಮ್ಮ). ಹುಡುಗ ಹುಡುಗಿಯರಿಗೆ ಅಲ್ಲಿ ಒಂದೇ ಪಾಠ. 1910ರಲ್ಲಿ ಗಣಿತ ಓದಲು ಕೇಂಬ್ರಿಡ್ಜ್‌ಗೆ ಹೋದರು. ಮರುವರ್ಷವೇ ಅತಿಯಾದ ಓದಿನಿಂದ ಸೋತುಹೋಗಿ ವಾಪಸ್. ಆಮೇಲೆ ಕೆಲವು ವರ್ಷ ವಿಮೆಯ ಲೆಕ್ಕ ಹಾಕೋ ಕಚೇರಿಯಲ್ಲಿ ಕೆಲಸ. ಮತ್ತೆ ವಿಶ್ವವಿದ್ಯಾಲಯ ಸೇರಿ ಪದವಿ ಮುಗಿಸಿದ್ದು 1920ರಲ್ಲಿ, 32ನೇ ವಯಸ್ಸಿಗೆ. ನಮ್ಮ ರೆಸ್ಯೂಮೆ ಲೆಕ್ಕದಲ್ಲಿ ಇದು ದೊಡ್ಡ 'ಗ್ಯಾಪ್'. ಆದರೆ ಅಂಕಿಗಳ ಜೊತೆ ಅವರ ಕೈ ಪಳಗಿದ್ದು ಆ ಕಚೇರಿಯಲ್ಲೇ.

1925ರಿಂದ ಭೂಕಂಪ ಮಾಪಕಗಳ ಕೆಲಸ ಸಿಕ್ಕಿತು. ಮೂರೇ ವರ್ಷದಲ್ಲಿ ಡೆನ್ಮಾರ್ಕ್‌ನ ಭೂಮಾಪನ ಸಂಸ್ಥೆಯ ಭೂಕಂಪ ವಿಭಾಗಕ್ಕೆ ಮುಖ್ಯಸ್ಥೆಯಾದರು.

ಭೂಮಿಯ ನಡುವೆ ಇರೋದು ದ್ರವದ ಗರ್ಭ, ಅದರ ಸುತ್ತ ಮ್ಯಾಂಟಲ್ ಅಂತ ಆಗ ನಂಬಿದ್ದರು. ಗರ್ಭದೊಳಗೆ ಹೊಕ್ಕ ಅಲೆಗಳು ಬಾಗುವುದರಿಂದ, ಭೂಕಂಪವಾದ ಜಾಗದಿಂದ ಬಹಳ ದೂರದ ಒಂದು ಪಟ್ಟಿಗೆ 'ಪಿ' ಅಲೆ ನೇರವಾಗಿ ತಲುಪಬಾರದು. ಅದು ನೆರಳಿನ ವಲಯ. ಆದರೆ 1929ರ ನ್ಯೂಜಿಲೆಂಡ್ ಭೂಕಂಪದ ಮಸುಕು ಅಲೆಗಳು ಆ ನೆರಳಿನಲ್ಲೂ ಕಾಣಿಸಿಕೊಂಡಿದ್ದವು. ಗರ್ಭದ ಅಂಚಿನಲ್ಲಿ ಚದುರಿ ಬಂದಿರಬೇಕು ಅಂತ ಉಳಿದವರು ಅಂದುಕೊಂಡಿದ್ದರು. ಲೇಮನ್ ಒಪ್ಪಲಿಲ್ಲ. ನಾವಾಗಿದ್ದರೆ ಪೈಥಾನ್ ತೆರೆಯುತ್ತಿದ್ದೆವು. ಅವರ ಹತ್ತಿರ ಇದ್ದದ್ದು ಓಟ್ಸ್ ಡಬ್ಬಿಗಳು. ಒಂದೊಂದು ಭೂಕಂಪದ ಸಮಯ, ವೇಗಗಳನ್ನು ಕಾರ್ಡ್‌ಗಳಲ್ಲಿ ಬರೆದು ಅವುಗಳಲ್ಲಿ ಜೋಡಿಸಿ, ತೋಟದಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದರಂತೆ. ದ್ರವದೊಳಗೆ ಇನ್ನೊಂದು ಗರ್ಭ ಇದೆ, ಅಲ್ಲಿ ಅಲೆಯ ವೇಗ ಹೆಚ್ಚು ಅಂತ ಇಟ್ಟುಕೊಂಡರೆ ಲೆಕ್ಕ ಕೂಡುತ್ತಿತ್ತು. 1936ರಲ್ಲಿ ಇದನ್ನು ಪ್ರಕಟಿಸಿದರು. ಶೀರ್ಷಿಕೆ ಬರೀ 'ಪಿ ಪ್ರೈಮ್'. ಇವತ್ತು ಆ ಒಳಗರ್ಭದ ತ್ರಿಜ್ಯ ಸುಮಾರು 1220 ಕಿ.ಮೀ. ಅಂತ ಗೊತ್ತು.

1953ರಲ್ಲಿ ನಿವೃತ್ತಿ. ಹೆಸರಿಗೆ ಮಾತ್ರ! ಅಮೆರಿಕಕ್ಕೆ ಓಡಾಡುತ್ತಾ ಮ್ಯಾಂಟಲ್ ಕಡೆ ತಿರುಗಿದರು. ಸುಮಾರು 220 ಕಿ.ಮೀ. ಆಳದಲ್ಲಿ ಅಲೆಗಳ ವೇಗ ತಟ್ಟನೆ ಏರುವ ಗಡಿಗೆ ಇಂದು ಅವರದೇ ಹೆಸರು. ಅದು ಎಲ್ಲ ಕಡೆ ಇದೆಯಾ ಅನ್ನೋ ಚರ್ಚೆ ಇನ್ನೂ ನಡೀತಿದೆ. ನೂರರ ಹೊಸ್ತಿಲಲ್ಲಿ, 1987ರಲ್ಲೂ ಲೇಖನ ಬರೆದರು. 1993ರಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ.